ನಮ್ಮ ಕಾಳು ಯಾರ ಹಗೇವಿಗೆ?

ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ಊರಿನ ಸಂಘದ ಸಭೆಗೆ ಹೋಗಿದ್ದೆ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹದಿನೈದು ಜನ ಕೂತಿದ್ದರು. "ಅಕ್ಕೋರೆ, ನಮ್ಮ ಲೆಕ್ಕ ನೀವ ಒಂದ್ಸಲ ನೋಡ್ರಿ" ಎಂದು ಪುಸ್ತಕ ನನ್ನ ಕೈಗಿತ್ತರು. ನೋಡಿದೆ. ಎರಡು ವರ್ಷದಲ್ಲಿ ಆರು ಜನ ಎಮ್ಮೆ ಕೊಳ್ಳಲು ಸಾಲ ತೆಗೆದಿದ್ದರು. ನನಗೆ ಖುಷಿಯಾಯಿತು. "ಆರು ಎಮ್ಮಿ ಅಂದ್ರ ಊರಾಗ ಹಾಲಿನ ಹೊಳಿನೇ ಹರೀತಿರಬೇಕಲ್ಲ?" ಎಂದೆ. ಎಲ್ಲರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕೊನೆಗೆ ಹಿರಿಯಳೊಬ್ಬಳು ಹೇಳಿದಳು: "ಎಮ್ಮಿ ಪುಸ್ತಕದಾಗ ಅದಾವ್ರಿ ಅಕ್ಕೋರೆ. ಹಾಲು ಬೀಗರ ಮನ್ಯಾಗ ಹಿಂಡ್ಕೋತಾರ."

ಆ ನಗು ನನ್ನನ್ನು ಇನ್ನೂ ಬಿಟ್ಟಿಲ್ಲ. ಒಂದು ಎಮ್ಮೆ ಅಳಿಯನ ಮೋಟರ್ ಸೈಕಲ್ಲಾಗಿತ್ತು. ಎರಡು ಎಮ್ಮೆ ಬಂಗಾರವಾಗಿ ಗಂಡಿನ ಮನೆಯ ಟ್ರಂಕು ಸೇರಿದ್ದವು. ಇನ್ನೊಂದು, ಲಗ್ನವಾದ ಮೇಲೆ "ಬಾಕಿ ಹುಂಡಾ ತಂದ್ರ ಮಗಳನ್ನ ಕರಕೋತೀವಿ" ಎಂದು ತವರಿಗೆ ಕಳಿಸಿದ್ದಕ್ಕೆ ಹೋದದ್ದು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ತುಂಬುವವಳು ತಾಯಿ. ಹೊಲದಲ್ಲಿ ಕಳೆ ಕಿತ್ತು, ತೊಗರಿ ಕೊಯ್ದು ತುಂಬುವ ಕಂತು ಅದು.

ವರದಕ್ಷಿಣೆಯ ವಿರುದ್ಧ ಘೋಷಣೆ ಕೂಗಿದ ನಾವೇ, ನಮ್ಮ ಸಂಘದ ಹಣದಿಂದ ವರದಕ್ಷಿಣೆಗೆ ಸಾಲ ಕೊಡುತ್ತಿದ್ದೇವೆ. ಇದನ್ನು ಮೊದಲು ಬಾಯಿಬಿಟ್ಟು ಒಪ್ಪಿಕೊಳ್ಳೋಣ. ಆಮೇಲೆ ಮುಂದಿನ ಮಾತು.

ನಮಗೆ ಕೂಡಿಡುವುದು ಗೊತ್ತಿಲ್ಲವೆ?

"ಹೆಂಗಸರಿಗೆ ದೀರ್ಘಾವಧಿಯ ಹೂಡಿಕೆ ತಿಳಿಯದು, ಕಲಿಸಬೇಕು" ಎಂದು ಬ್ಯಾಂಕಿನವರು ಶಿಬಿರ ಮಾಡುತ್ತಾರೆ. ನನಗೆ ನಗು ಬರುತ್ತದೆ. ಹೆಣ್ಣು ಹುಟ್ಟಿದ ದಿನದಿಂದ ಹದಿನೆಂಟು, ಇಪ್ಪತ್ತು ವರ್ಷ ಬಿಡದೆ ಕೂಡಿಡುವವರು ನಾವು. ಮಜ್ಜಿಗೆ ಮಾರಿದ ರೊಕ್ಕ, ರೊಟ್ಟಿ ಬಡಿದ ರೊಕ್ಕ, ಮುಂಬಯಿ, ಪುಣೆ, ಸೊಲ್ಲಾಪುರಗಳಿಗೆ ದುಡಿಯಲು ಹೋಗಿ ತಂದ ರೊಕ್ಕ ಎಲ್ಲ ಸೇರಿಸಿ ಗುಂಜಿ ಗುಂಜಿ ಬಂಗಾರ ಮಾಡಿಸುತ್ತೇವೆ. ಇದಕ್ಕಿಂತ ದೀರ್ಘ ಅವಧಿ ಯಾವುದು? ಇದಕ್ಕಿಂತ ಶಿಸ್ತು ಯಾವುದು?

ಕೊರತೆ ಇರುವುದು ಕೂಡಿಡುವುದರಲ್ಲಲ್ಲ. ಇಪ್ಪತ್ತು ವರ್ಷ ತುಂಬಿದ ಹಗೇವಿನ ಬಾಯಿ ಕೊನೆಗೆ ಇನ್ನೊಬ್ಬರ ಅಂಗಳದಲ್ಲಿ ತೆರೆಯುತ್ತದೆ. ಕಾಳು ನಮ್ಮದು, ಹಗೇವು ಅವರದು.

ಬಂಗಾರ ಬೆಳೆಯಲಿಲ್ಲ ಎಂದು ನಾನು ಹೇಳಲಾರೆ. 1990ರಲ್ಲಿ ಹತ್ತು ಗ್ರಾಮಿಗೆ ಸುಮಾರು 3,200 ರೂಪಾಯಿ ಇದ್ದದ್ದು 2025ರಲ್ಲಿ ಒಂದು ಲಕ್ಷ ದಾಟಿತು. ಆದರೆ ಬೆಳೆದದ್ದು ಯಾರ ಟ್ರಂಕಿನಲ್ಲಿ? ಕೀಲಿ ಯಾರ ಸೊಂಟದಲ್ಲಿ? ಲಗ್ನದಲ್ಲಿ ಹಾಕಿದ ನಾಲ್ಕು ತೊಲ, ನಾದಿನಿಯ ಲಗ್ನಕ್ಕೆ ಎರಡು, ಬೋರ್‌ವೆಲ್ಲಿಗೆ ಒಂದು, ಮೈದುನನ ಜಾಮೀನಿಗೆ ಒಂದು ಎಂದು ಕರಗಿಹೋಗುವುದನ್ನು ನಾವು ಕಂಡಿಲ್ಲವೆ?

ಕಾನೂನು ಏನೂ ಹೇಳಿಲ್ಲ ಎಂದಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೆಯ ಕಲಮು ಹೇಳುತ್ತದೆ: ವರದಕ್ಷಿಣೆಯನ್ನು ಬೇರೆ ಯಾರೇ ಪಡೆದಿದ್ದರೂ ಮೂರು ತಿಂಗಳಲ್ಲಿ ಅದನ್ನು ಹೆಣ್ಣಿಗೆ ಒಪ್ಪಿಸಬೇಕು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಹೆಣ್ಣಿನ ಸಂಪೂರ್ಣ ಸ್ವಂತ ಆಸ್ತಿ, ಅದು ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಗಂಡನ ಜೊತೆ ಪಾಲಿನದಾಗುವುದಿಲ್ಲ ಎಂದು ತೀರ್ಪು ಕೊಟ್ಟಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಸ್ತ್ರೀಧನ ಕಸಿಯುವುದನ್ನು, ಹೆಣ್ಣಿನ ಹಣ ತಡೆಹಿಡಿಯುವುದನ್ನು 'ಆರ್ಥಿಕ ದೌರ್ಜನ್ಯ' ಎಂದು ಹೆಸರಿಟ್ಟು ಕರೆಯಿತು. ಇವೆಲ್ಲ ನಮ್ಮ ಹಿರಿಯ ಹೋರಾಟಗಾರ್ತಿಯರು ಬೀದಿಯಲ್ಲಿ ನಿಂತು ಗಳಿಸಿದ್ದು. ಆದರೆ ಬಂಗಾರಕ್ಕೆ ಹೆಸರಿಲ್ಲ, ರಸೀದಿಯೂ ಇಲ್ಲ. ಕೋರ್ಟಿನಲ್ಲಿ "ಇದು ನನ್ನದು" ಎಂದು ತೋರಿಸಲು ಕೈಯಲ್ಲಿ ಒಂದು ಚೀಟಿ ಇರುವುದಿಲ್ಲ. ಪಾಸ್‌ಬುಕ್ಕಿಗೆ ಮಾತ್ರ ಹೆಸರಿದೆ.

ನನ್ನದೇ ಕಥೆ

ಇದನ್ನು ಬರೆಯುತ್ತಿರುವವಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಚಕ್ರಬಡ್ಡಿಯ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದವಳು. ಆದರೆ ನನ್ನ ಸ್ವಂತ ಸಂಬಳದ ಪಾಸ್‌ಬುಕ್ಕು ಹತ್ತು ವರ್ಷಕ್ಕೂ ಮೇಲೆ ಗಂಡನ ಕಪಾಟಿನಲ್ಲಿತ್ತು. ಹಣ ತೆಗೆಯುವ ಚೀಟಿಗಳಿಗೆ ತಿಂಗಳ ಮೊದಲೇ ಸಹಿ ಹಾಕಿ ಕೊಡುತ್ತಿದ್ದೆ. ಮನೆಯಲ್ಲಿ ಹೊಡೆತ ಬಡಿತ ಇರಲಿಲ್ಲ. ಆದ್ದರಿಂದ ನಾನು ದೌರ್ಜನ್ಯಕ್ಕೆ ಒಳಗಾದವಳಲ್ಲ ಎಂದೇ ತಿಳಿದಿದ್ದೆ.

1999ರಲ್ಲಿ ನನ್ನ ತಾಯಿಯ ಆಪರೇಶನ್ನಿಗೆ ಐದು ಸಾವಿರ ರೂಪಾಯಿ ಬೇಕಾಯಿತು. ನಾನು ದುಡಿದ ಹಣದಲ್ಲಿ ಐದು ಸಾವಿರ. ಅದಕ್ಕಾಗಿ ಅತ್ತೆಯ ಮುಂದೆ ಎರಡು ದಿನ ನಿಂತೆ. "ಅಣ್ಣತಮ್ಮಂದಿರು ಇಲ್ಲೇನು ಆಕಿಗೆ?" ಎಂಬ ಉತ್ತರ ಬಂತು. ಕೊನೆಗೆ ಸಹೋದ್ಯೋಗಿ ಗೆಳತಿಯೊಬ್ಬಳು ಸಾಲ ಕೊಟ್ಟಳು. ಮರುತಿಂಗಳೇ ಅಂಚೆ ಕಚೇರಿಗೆ ಹೋಗಿ ನನ್ನ ಒಬ್ಬಳ ಹೆಸರಿನಲ್ಲಿ ಸಾರ್ವಜನಿಕ ಭವಿಷ್ಯ ನಿಧಿಯ ಖಾತೆ, ಅಂದರೆ ಪಿಪಿಎಫ್, ತೆರೆದೆ. ತಿಂಗಳಿಗೆ ಐದುನೂರು. ಮನೆಯಲ್ಲಿ ಒಂದು ತಿಂಗಳು ಯಾರೂ ಮಾತಾಡಲಿಲ್ಲ. ಮಾತಾಡದಿದ್ದರೆ ಬೇಡ ಎಂದು ಸುಮ್ಮನಿದ್ದೆ. ಮುಂದೆ ಮಗಳ ಸ್ನಾತಕೋತ್ತರ ಓದಿಗೆ, ಹಾಸ್ಟೆಲ್ಲಿಗೆ ಆ ಖಾತೆಯೇ ಆಸರೆಯಾಯಿತು. ಅವಳ ಲಗ್ನಕ್ಕೆ ಅದರಿಂದ ಒಂದು ಪೈಸೆ ತೆಗೆಯಲಿಲ್ಲ.

ಓದಿದವಳ ಗತಿಯೇ ಇದು. ಹಾಗಿರುವಾಗ ಓದದವಳಿಗೆ ಬುದ್ಧಿ ಹೇಳಲು ನಾನು ಯಾರು ಎಂದು ನೀವು ಕೇಳಬಹುದು. ತಡವಾಗಿ ಕಲಿತವಳು ಹೇಳುತ್ತಿದ್ದೇನೆ, ನೀವು ತಡಮಾಡಬೇಡಿ ಎಂದು. ಅಷ್ಟೇ.

ನಮ್ಮವರೇ ಎತ್ತುವ ಮೂರು ಮಾತು

ಮೊದಲನೆಯದು: "ಉಣ್ಣಾಕ ಇಲ್ಲದವರು ಏನ್ ಕೂಡಿಡ್ತಾರ?" ನಿಜ, ಉಪವಾಸ ಇದ್ದವಳಿಗೆ ಉಳಿತಾಯದ ಉಪದೇಶ ಮಾಡುವುದು ಪಾಪ. ಆದರೆ ವಾರಕ್ಕೆ ಹತ್ತು ರೂಪಾಯಿಯಿಂದ ಸಂಘ ಕಟ್ಟಿದವರು ನೀವೇ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಲೂ ಇದೇ ಮಾತು ಆಡಿದ್ದರು. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರತೊಡಗಿತು. ಖಾತೆಗೆ ಬಂದದ್ದು ಎಷ್ಟು ಜನರ ಕೈಗೆ ಬಂತು? ಅದರಲ್ಲಿ ಕಾಲು ಭಾಗ, ಐದುನೂರು, ನಿಮ್ಮದೆಂದು ಇಟ್ಟುಕೊಳ್ಳಲು ಬಿಡದ ಮನೆ, ನಾಳೆ ಐದು ಸಾವಿರ ಬಂದರೂ ಬಿಡುವುದಿಲ್ಲ. ಬಡತನ ದೊಡ್ಡ ತಡೆ, ಒಪ್ಪಿದೆ. ಆದರೆ ಎಲ್ಲ ಮನೆಗಳಲ್ಲೂ ಬಡತನ ಒಂದೇ ತಡೆಯಲ್ಲ.

ಎರಡನೆಯದು: ಚಳವಳಿಯ ಗೆಳತಿಯೊಬ್ಬಳು ಆಡಿದ್ದು. "ಸರಕಾರ ಮಾಡಬೇಕಾದ ಕೆಲಸವನ್ನು ಬಡ ಹೆಂಗಸಿನ ತಲೆಗೆ ಕಟ್ಟುವ ಹುನ್ನಾರ ಇದು. ಪಿಂಚಣಿ ಕೊಡಬೇಕಾದವರು ಉಳಿತಾಯ ಮಾಡು ಎನ್ನುತ್ತಿದ್ದಾರೆ." ಈ ಮಾತಿನಲ್ಲಿ ಹುರುಳಿದೆ. ಕೂಲಿ, ಪಿಂಚಣಿ, ಪಡಿತರಗಳ ಹೋರಾಟ ಬಿಟ್ಟು ಪಾಸ್‌ಬುಕ್ಕು ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಮೊಕದ್ದಮೆ ನಡೆಯುವ ವರ್ಷಗಟ್ಟಲೆ ಕಾಲ ಆ ಹೆಣ್ಣು ಏನು ತಿನ್ನಬೇಕು? ಮನೆಯಿಂದ ಹೊರಬಿದ್ದ ರಾತ್ರಿ ಎಲ್ಲಿ ಮಲಗಬೇಕು? ಘೋಷಣೆ ಹಗಲಿಗೆ ಬೇಕು, ರಾತ್ರಿಗೆ ರೊಕ್ಕ ಬೇಕು.

ಮೂರನೆಯದು: "ರೊಕ್ಕ ಇದ್ರ ಹೊಡೆಯೂದು ನಿಲ್ತದೇನು?" ಇಲ್ಲ, ತಾನಾಗಿ ನಿಲ್ಲುವುದಿಲ್ಲ. ಕೆಲವು ಮನೆಗಳಲ್ಲಿ ಹಣ ಕಂಡರೆ ಹೊಡೆತ ಹೆಚ್ಚಾಗುವುದೂ ಉಂಟು. ಆದರೆ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಅವರು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಹೊಲವೂ ಇಲ್ಲ, ಮನೆಯೂ ಇಲ್ಲ ಎಂಬ ಹೆಂಗಸರಲ್ಲಿ ನೂರಕ್ಕೆ 49 ಜನ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರು. ಹೊಲ, ಮನೆ ಎರಡೂ ತಮ್ಮ ಹೆಸರಿನಲ್ಲಿದ್ದವರಲ್ಲಿ ನೂರಕ್ಕೆ 7 ಜನ. ಪಾಸ್‌ಬುಕ್ಕು ಹೊಲಕ್ಕೆ ಸಮ ಅಲ್ಲ. ಆದರೆ ಹೋಗಲು ಬೇರೆ ಜಾಗವಿದೆ ಎಂದು ಗೊತ್ತಿರುವ ಹೆಣ್ಣಿನ ಮೇಲೆ ಕೈಯೆತ್ತುವ ಮುನ್ನ ಎಷ್ಟೋ ಜನ ಒಂದು ಕ್ಷಣ ಯೋಚಿಸುತ್ತಾರೆ. ಹೋಗಬೇಕಾಗಿಯೇ ಬಂದರೆ ಅವಳ ಕೈಯಲ್ಲಿ ಬಸ್ಸಿಳಿದ ಮೇಲಿನ ಖರ್ಚು ಇರುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಮೊದಲು ಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ 36, ಐದು ರೂಪಾಯಿ ಎಂದರೆ 60. ಹೆಸರುವಾಸಿ ಯೋಜನೆ ಯಾವುದೂ ಅಷ್ಟು ಕೊಡುವುದಿಲ್ಲ. ಆದ್ದರಿಂದ ಐದು ರೂಪಾಯಿ ಬಡ್ಡಿಯ ಸಾಲ ತೀರಿಸುವುದೇ ನಿಮ್ಮ ಮೊದಲ ಹೂಡಿಕೆ. ಕಂತು ವಸೂಲಿಗೆ ಬಾಗಿಲಲ್ಲಿ ಕೂತು ಅವಮಾನ ಮಾಡುವವರಿಗೆ ಹೆದರಿ ಇನ್ನೊಂದು ಕಡೆ ಸಾಲ ಎತ್ತಬೇಡಿ. ಬಲವಂತದ ವಸೂಲಿ ತಡೆಯಲೆಂದೇ ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಸಂಘವಾಗಿ ಹೋಗಿ ಠಾಣೆಯಲ್ಲಿ ಕೂತುಕೊಳ್ಳಿ.

ಎರಡನೆಯದು ಆಪತ್ತಿನ ಹಣ. ನಮ್ಮದು ತೊಗರಿಯ ನಾಡು. ಒಂದು ವರ್ಷ ನೆಟೆರೋಗ, ಒಂದು ವರ್ಷ ಭೀಮೆಯ ಹೊಳೆ. 2020ರ ಅಕ್ಟೋಬರ್‌ನಲ್ಲಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳು ಏನಾದವು ಎಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಮೂರು ತಿಂಗಳ ಮನೆಖರ್ಚು ಬೇಕೆಂದಾಗ ತೆಗೆಯುವಂತೆ ಉಳಿತಾಯ ಖಾತೆಯಲ್ಲಿರಲಿ. ಅದಿಲ್ಲದೆ ದೀರ್ಘಾವಧಿಗೆ ಹಾಕಿದರೆ ಮಳೆ ಕೈಕೊಟ್ಟ ವರ್ಷ ಅರ್ಧದಲ್ಲೇ ಕೀಳಬೇಕಾಗುತ್ತದೆ.

ಮೂರನೆಯದು ದೀರ್ಘ ಕಾಲದ ಗಂಟು. ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಬಡ್ಡಿಯ ದರದಿಂದ 72ನ್ನು ಭಾಗಿಸಿ. ಎಷ್ಟು ಬರುತ್ತದೋ ಸುಮಾರು ಅಷ್ಟು ವರ್ಷಕ್ಕೆ ಹಣ ಎರಡು ಪಟ್ಟು. ಶೇಕಡಾ 8 ಇದ್ದರೆ 9 ವರ್ಷ. ಇದೇ ಲೆಕ್ಕ ತುಟ್ಟಿಕಾಲಕ್ಕೂ ನಡೆಯುತ್ತದೆ. ಸಾಮಾನಿನ ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷದಲ್ಲಿ ಎರಡು ಪಟ್ಟಾಗುತ್ತದೆ. ಅಂದರೆ ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟ ಹತ್ತು ಸಾವಿರಕ್ಕೆ ಆಗ ಐದು ಸಾವಿರದ ಸಾಮಾನು ಮಾತ್ರ ಬರುತ್ತದೆ. ಡಬ್ಬಿಯಲ್ಲಿಟ್ಟ ನೋಟನ್ನು ಇಲಿ ತಿನ್ನದಿದ್ದರೂ ಕಾಲ ತಿನ್ನುತ್ತದೆ.

ಇನ್ನೊಂದು ಲೆಕ್ಕ. ತಿಂಗಳಿಗೆ ಐದುನೂರರಂತೆ ಶೇಕಡಾ 8ರಲ್ಲಿ ಅರವತ್ತನೆಯ ವಯಸ್ಸಿನವರೆಗೆ ಹಾಕಿದರೆ, 25ಕ್ಕೆ ಶುರು ಮಾಡಿದವಳ ಗಂಟು ಸುಮಾರು 11 ಲಕ್ಷ 47 ಸಾವಿರ. 35ಕ್ಕೆ ಶುರು ಮಾಡಿದವಳದು 4 ಲಕ್ಷ 75 ಸಾವಿರ. ತಡಮಾಡಿದವಳು ತನ್ನ ಕೈಯಿಂದ ಹಾಕಿದ್ದು 60 ಸಾವಿರ ಮಾತ್ರ ಕಡಿಮೆ. ಕಳೆದುಕೊಂಡದ್ದು ಆರೂವರೆ ಲಕ್ಷಕ್ಕೂ ಹೆಚ್ಚು. ಹಣಕ್ಕಿಂತ ಹೆಚ್ಚು ದುಡಿಯುವುದು ವರ್ಷಗಳು. ಸೊಸೆಯಂದಿರಿಗೆ ಇದನ್ನು ಮೊದಲು ಹೇಳಿ.

ಎಲ್ಲಿ ಹಾಕಬೇಕು? ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ತಿಂಗಳಿಗೆ ನೂರು ರೂಪಾಯಿಯಿಂದ ಶುರು. ಅಂಗನವಾಡಿ ಕಾರ್ಯಕರ್ತೆಯಂತೆ ತಿಂಗಳ ಗೌರವಧನ ಇದ್ದವರಿಗೆ ಒಳ್ಳೆಯದು. ಆದರೆ ಕಂತು ತಪ್ಪಿದರೆ ದಂಡವಿದೆ, ನಾಲ್ಕಕ್ಕಿಂತ ಹೆಚ್ಚು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಕೂಲಿಯ ಹೆಣ್ಣಿಗೆ ದುಡ್ಡು ಕಾಣುವುದು ತೊಗರಿಯ ರಾಶಿಯ ಕಾಲಕ್ಕೆ. ಅವಳಿಗೆ ಪಿಪಿಎಫ್ ಹೊಂದುತ್ತದೆ. ವರ್ಷಕ್ಕೆ ಐದುನೂರು ಹಾಕಿದರೂ ಸಾಕು, ಯಾವಾಗ ಬೇಕಾದರೂ ಎಷ್ಟು ಸಲ ಬೇಕಾದರೂ ಹಾಕಬಹುದು. ಹದಿನೈದು ವರ್ಷದ ಖಾತೆ. ದರ 2020ರ ಏಪ್ರಿಲ್‌ನಲ್ಲಿ ಶೇಕಡಾ 7.1ಕ್ಕೆ ಇಳಿಯಿತು. ಆ ದರ ಕೊನೆಯವರೆಗೂ ಉಳಿದರೆ ತಿಂಗಳಿಗೆ ಐದುನೂರರಂತೆ ಹಾಕಿದ 90 ಸಾವಿರ, ಸುಮಾರು 1 ಲಕ್ಷ 57 ಸಾವಿರವಾಗುತ್ತದೆ. ಪ್ರತಿ ತಿಂಗಳು 5ನೆಯ ತಾರೀಖಿನೊಳಗೆ ಹಾಕಿದರೆ ಆ ತಿಂಗಳ ಬಡ್ಡಿಯೂ ಸೇರುತ್ತದೆ. ದರವನ್ನು ಸರಕಾರ ಮೂರು ತಿಂಗಳಿಗೊಮ್ಮೆ ತೀರ್ಮಾನಿಸುತ್ತದೆ, ಅಂಚೆ ಕಚೇರಿಯಲ್ಲಿ ಕೇಳಿ.

ಈ ಖಾತೆಯ ಇನ್ನೊಂದು ಗುಣ ನಮ್ಮಂಥವರಿಗೆ ಮುಖ್ಯ. ಇದನ್ನು ಸಾಲಗಾರರು ಕೋರ್ಟಿನ ಮೂಲಕವೂ ಜಪ್ತಿ ಮಾಡುವಂತಿಲ್ಲ. ಏಳನೆಯ ವರ್ಷದವರೆಗೆ ಇದರಿಂದ ಹಣ ವಾಪಸು ತೆಗೆಯಲು ಬರುವುದಿಲ್ಲ. ಬೇರೆಯವರು ಇದನ್ನು ದೋಷ ಎನ್ನುತ್ತಾರೆ. ಮನೆಯಲ್ಲಿ "ತಗದು ಕೊಡು" ಎಂದು ಕೂದಲು ಹಿಡಿಯುವವನಿದ್ದರೆ, "ತಗಿಯಾಕ ಬರೂದಿಲ್ಲಂತ, ಪೋಸ್ಟಿನವರನ್ನ ಕೇಳ್ರಿ" ಎನ್ನುವ ಉತ್ತರ ಒಂದು ಗುರಾಣಿ. ಮೂರನೆಯ ವರ್ಷದಿಂದ ಇದರ ಮೇಲೆ ಸಣ್ಣ ಸಾಲ ಸಿಗುತ್ತದೆ ಎಂಬುದನ್ನು ಮನೆಯಲ್ಲಿ ಹೇಳಲೇಬೇಕೆಂದೇನಿಲ್ಲ.

ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ಇದೆ. 2015ರಲ್ಲಿ ಶುರುವಾದದ್ದು. ವರ್ಷಕ್ಕೆ 250 ರೂಪಾಯಿ ಹಾಕಿದರೂ ಖಾತೆ ಜೀವಂತ. ಹದಿನೈದು ವರ್ಷ ಹಾಕಬೇಕು, 21 ವರ್ಷಕ್ಕೆ ಮುಗಿಯುತ್ತದೆ. 2024ರಲ್ಲಿ ಗೊತ್ತುಮಾಡಿದ ಶೇಕಡಾ 8.2ರ ದರವೇ ಉಳಿದರೆ, ತಿಂಗಳಿಗೆ ಐದುನೂರರಂತೆ ಹಾಕಿದ 90 ಸಾವಿರ ಸುಮಾರು 2 ಲಕ್ಷ 77 ಸಾವಿರ. ಹದಿನೆಂಟಾದ ಮೇಲೆ ಓದಿಗೆ ಅರ್ಧದವರೆಗೆ ತೆಗೆಯಬಹುದು.

ಇಲ್ಲಿ ಒಂದು ಎಚ್ಚರ. ಈ ಖಾತೆಯನ್ನು ಮಗಳ ಲಗ್ನದ ನೆಪದಲ್ಲಿ ಅವಧಿಗೆ ಮೊದಲೇ ಮುಚ್ಚಲು ನಿಯಮ ಅವಕಾಶ ಕೊಟ್ಟಿದೆ. ಭಾಗ್ಯಲಕ್ಷ್ಮಿ ಯೋಜನೆಯ ಮೊದಲ ಮಕ್ಕಳು 2006ರಲ್ಲಿ ಹುಟ್ಟಿದವರು, ಅವರಿಗೆ 2024ರಲ್ಲಿ ಹದಿನೆಂಟು ತುಂಬಿತು. ಆಳಂದ ಕಡೆ ಕನ್ಯೆ ನೋಡಲು ಬಂದವರು "ಭಾಗ್ಯಲಕ್ಷ್ಮಿ ಬಾಂಡ್ ಐತೇನ್ರಿ ಹುಡುಗಿಗಿ?" ಎಂದು ಚಹಾ ಕುಡಿಯುತ್ತ ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹೆಣ್ಣುಮಗು ಉಳಿಯಲಿ, ಓದಲಿ ಎಂದು ಕೊಟ್ಟ ಹಣವೂ ಹುಂಡಾದ ಲೆಕ್ಕಕ್ಕೆ ಸೇರುತ್ತಿದೆ! ಮಗಳಿಗೆ ಹದಿನೆಂಟಾದ ದಿನವೇ ಅವಳನ್ನು ಕರೆದೊಯ್ದು ಅವಳದೇ ಸಹಿಯ ಖಾತೆ ಮಾಡಿಸಿ. ಎಷ್ಟಿದೆ ಎಂದು ಬೀಗರಿಗೆ ಹೇಳಬೇಡಿ.

ಶೇರುಪೇಟೆಯ ಮಾತು. ಟೀವಿಯಲ್ಲಿ ದಿನವೂ ಕೇಳುತ್ತೀರಿ, ಮಗನ ಮೊಬೈಲಿನಲ್ಲೂ ನೋಡುತ್ತೀರಿ. ಅದು ಜೂಜೇ? ದಿನ ಕೊಂಡು ದಿನ ಮಾರುವವನಿಗೆ ಜೂಜೇ. ಆದರೆ ದೇಶದ ದೊಡ್ಡ ಕಂಪನಿಗಳಲ್ಲೆಲ್ಲ ಚೂರು ಚೂರು ಪಾಲು ಹಂಚಿ ಹಾಕುವ ಸೂಚ್ಯಂಕ ನಿಧಿಯಲ್ಲಿ, ಮ್ಯೂಚುವಲ್ ಫಂಡಿನ ಮೂಲಕ ಹತ್ತು ಹದಿನೈದು ವರ್ಷ ಬಿಡುವವರಿಗೆ ಅದು ಬೇರೆ. 1979ರಲ್ಲಿ 100 ಎಂದು ಎಣಿಸಿದ ಸೆನ್ಸೆಕ್ಸ್ 2024ರ ಜುಲೈನಲ್ಲಿ 80,000 ದಾಟಿತು. ಹಾಗೆಂದು ಬರೀ ಏರಿಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದು ಅಕ್ಟೋಬರ್‌ಗೆ ಎಂಟೂವರೆ ಸಾವಿರದ ಆಸುಪಾಸಿಗೆ ಬಿತ್ತು. ಮತ್ತೆ ಅಲ್ಲಿಗೆ ಬರಲು 2010ರ ನವೆಂಬರ್ ಆಯಿತು. ನಡುವೆ ಹೆದರಿ ತೆಗೆದವರು ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡರು. ಆದ್ದರಿಂದ ನನ್ನ ಮಾತು ಇಷ್ಟು: ಸಾಲ ತೀರಿ, ಆಪತ್ತಿನ ಹಣ ಕೂಡಿ, ಅಂಚೆ ಕಚೇರಿಯ ಗಂಟು ಗಟ್ಟಿಯಾದ ಮೇಲೆ, ಹತ್ತು ವರ್ಷ ಮುಟ್ಟದ ಹಣವಿದ್ದರೆ ಮಾತ್ರ ಸ್ವಲ್ಪ ಹಾಕಿ. ಅದಿಲ್ಲದಿದ್ದರೆ ಆ ದಾರಿ ಹಿಡಿಯದಿದ್ದರೂ ನಷ್ಟವಿಲ್ಲ.

ಮುಪ್ಪಿಗೆ ಅಟಲ್ ಪಿಂಚಣಿ ಇದೆ. 18ರಿಂದ 40 ವಯಸ್ಸಿನವರು ಸೇರಬಹುದು. ಅರವತ್ತರ ನಂತರ ತಿಂಗಳಿಗೆ 1,000 ಬರಬೇಕಾದರೆ 18ರಲ್ಲಿ ಸೇರಿದವಳು ತಿಂಗಳಿಗೆ 42 ರೂಪಾಯಿ, 30ರಲ್ಲಿ ಸೇರಿದವಳು 116, 40ರಲ್ಲಿ ಸೇರಿದವಳು 291 ತುಂಬಬೇಕು. ತಡವಾದದ್ದಕ್ಕೆ ತೆರುವ ಬೆಲೆ ಇಲ್ಲೂ ಕಾಣುತ್ತದೆ.

ಬೇಡ ಎನ್ನುವುದನ್ನೂ ಕಲಿಯಬೇಕು

ನೂರು ದಿನಕ್ಕೆ ಎರಡು ಪಟ್ಟು, ತಿಂಗಳಿಗೆ ನೂರಕ್ಕೆ ಮೂರು ಲಾಭ, ನಾಲ್ಕು ಜನರನ್ನು ಸೇರಿಸಿದರೆ ಮಿಕ್ಸರ್ ಉಚಿತ. ಇಂಥ ಮಾತು ಆಡುವವನು ನಿಮ್ಮ ಸ್ವಂತ ತಮ್ಮನಾದರೂ ಬೇಡ ಎನ್ನಿ. 72ರ ಲೆಕ್ಕ ಅವನ ಮುಂದೆ ಮಾಡಿ ತೋರಿಸಿ. ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಎಷ್ಟು ಮುಸ್ಲಿಂ ಅಕ್ಕಂದಿರ ಮಹರ್, ಬಂಗಾರ ಮುಳುಗಿತು! ಧರ್ಮದ ಮಾತು, ನಂಬಿಕೆಯ ಮಾತು, ಪರಿಚಯದ ಮುಖ, ಈ ಮೂರೂ ವಂಚಕನ ಬಂಡವಾಳ.

ಬ್ಯಾಂಕಿನ ಠೇವಣಿಗೆ 2020ರಿಂದ ಐದು ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದಗಳಿಗೆ ಆ ವಿಮೆ ಇಲ್ಲ. ಬೋರ್ಡ್ ಬ್ಯಾಂಕಿನಂತೆ ಕಂಡರೂ ಕೇಳಿ ನೋಡಿ. ಯಾವ ಏಜೆಂಟನ ಕೈಗೂ ನಗದು ಕೊಡಬೇಡಿ.

ಕೀಲಿ ಯಾರ ಕೈಯಲ್ಲಿ?

ಹೂಡಿಕೆಯ ಶಿಬಿರದವರು ಹೇಳದ ಪಾಠ ಇದು. ಖಾತೆ ನಿಮ್ಮ ಹೆಸರಿನಲ್ಲಿದ್ದು, ಎಟಿಎಂ ಕಾರ್ಡು ಮಗನ ಕಿಸೆಯಲ್ಲಿ, ಓಟಿಪಿ ಬರುವ ಫೋನು ಗಂಡನ ಕೈಯಲ್ಲಿ ಇದ್ದರೆ ಆ ಖಾತೆ ನಿಮ್ಮದಲ್ಲ. ಖಾಲಿ ಚೀಟಿಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬೇಡಿ. ಖಾತೆಗೆ ನಿಮ್ಮದೇ ಫೋನ್ ನಂಬರು ಕೊಡಿ. ನಾಮಿನಿಯ ಹೆಸರನ್ನು ನೀವೇ ಬಾಯಿಬಿಟ್ಟು ಹೇಳಿ ಬರೆಸಿ: ಮಗಳು, ತಾಯಿ, ಅಕ್ಕ. ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಜೀವವಿಮೆ ಬ್ಯಾಂಕಿನಲ್ಲಿ ಸಿಗುತ್ತದೆ. ಅದನ್ನು ಮೊದಲು ಗಂಡನ ಹೆಸರಿನಲ್ಲಿ ಮಾಡಿಸಿ, ನಾಮಿನಿ ನೀವಾಗಿರಿ. ಹುಂಡಾಕ್ಕಾಗಿ ಹೊಡೆಯುವ ಮನೆಯಲ್ಲಿ ನಿಮ್ಮ ಜೀವಕ್ಕೆ ವಿಮೆ ಮಾಡಿಸಿ ಹೊಡೆಯುವವನನ್ನೇ ನಾಮಿನಿ ಮಾಡಬೇಡಿ. ಈ ಮಾತು ಕಟುವಾಯಿತು, ಆದರೂ ಬರೆದೇ ತೀರಬೇಕು.

ಗಂಡನಿಗೆ ಹೇಳಬೇಕೋ ಬೇಡವೋ ಎಂದು ಕೇಳುತ್ತೀರಿ. ಮಾತಿಗೆ ಬೆಲೆ ಇರುವ ಮನೆಯಲ್ಲಿ ಹೇಳಿ, ಅವನೂ ಒಂದು ಖಾತೆ ಮಾಡಲಿ. ಕೈ ಮಾತಾಡುವ ಮನೆಯಲ್ಲಿ ಪಾಸ್‌ಬುಕ್ಕು ಮನೆಗೆ ಒಯ್ಯಬೇಡಿ, ಸಂಘದ ಪೆಟ್ಟಿಗೆಯಲ್ಲಿರಲಿ. ಸಿಕ್ಕಿಬಿದ್ದು ಹೊಡೆತ ಬಿದ್ದರೆ ಅದು ನಿಮ್ಮ ತಪ್ಪಲ್ಲ, ಅಪರಾಧ ಅವನದು. 181ಕ್ಕೆ ಫೋನ್ ಮಾಡಿ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಗಳು, ಅವರಲ್ಲಿ ದೂರು ಬರೆಸಿ. ಹಿಂದಿನ 498ಎ ಕಲಮು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 85 ಆಗಿದೆ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಗಂಟು

ಐದುನೂರರ ಲೆಕ್ಕ ಇಷ್ಟು ಹೇಳಿ ಹೊಲದ ಮಾತು ಬಿಟ್ಟರೆ ನಾನು ಮೋಸ ಮಾಡಿದಂತೆ. ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಿಂದ, ದೇಶಕ್ಕೆಲ್ಲ 2005ರ ಸೆಪ್ಟೆಂಬರ್ 9ರಿಂದ ಹಿಂದೂ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲಿದೆ. ಲಗ್ನವಾಗಿ ಹೋದವಳಿಗೂ ಇದೆ. ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮುಸ್ಲಿಂ ಮಗಳಿಗೂ ಶರೀಯತ್ತಿನಲ್ಲಿ ಮಗನ ಅರ್ಧದಷ್ಟು ಪಾಲಿದೆ. ಆದರೆ ನಾಗರಪಂಚಮಿಗೆ ಒಂದು ಸೀರೆ ಉಡಿಸಿ, ಅಣ್ಣ ತಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುವವರು ನಾವು. "ತವರು ತಪ್ತದ" ಎಂಬ ಹೆದರಿಕೆ. ಕಷ್ಟ ಬಂದಾಗ ಆ ತವರು ಬಾಗಿಲು ತೆರೆಯಿತೇ? ಪಹಣಿಯಲ್ಲಿ ಹೆಸರಿದ್ದರೆ ಬಾಗಿಲು ಬಡಿಯಬೇಕಾಗುತ್ತಿರಲಿಲ್ಲ. "ಹುಂಡಾ ಕೊಟ್ಟೀವಲ್ಲ, ಅದ ನಿನ್ನ ಪಾಲು" ಎಂದರೆ ಕೇಳಿ: ಆ ಪಾಲು ನನ್ನ ಕೈಗೆ ಎಂದು ಬಂತು?

ಬರುವ ಸಭೆಯಲ್ಲಿ

ಆಳಂದ, ಅಫಜಲಪುರ, ಜೇವರ್ಗಿಯ ಪ್ರತಿ ಸಂಘವೂ ಬರುವ ಸಭೆಯ ನಡಾವಳಿಯಲ್ಲಿ ಈ ಠರಾವು ಬರೆದುಕೊಳ್ಳಲಿ ಎಂದು ನನ್ನ ಬೇಡಿಕೆ:

1. ಹುಂಡಾಕ್ಕೆ ಸಂಘದಿಂದ ಒಂದು ರೂಪಾಯಿ ಸಾಲ ಇಲ್ಲ. ಎಮ್ಮೆ ಎಂದು ಬರೆದವರ ಕೊಟ್ಟಿಗೆಗೆ ಹೋಗಿ ಎಮ್ಮೆ ನೋಡಿ ಬರುವುದು.

2. ಪ್ರತಿ ಸದಸ್ಯೆಗೂ ಅವಳೊಬ್ಬಳ ಹೆಸರಿನ ಒಂದು ದೀರ್ಘಾವಧಿ ಖಾತೆ. ಐದೈದು ಜನ ಒಟ್ಟಿಗೆ ಅಂಚೆ ಕಚೇರಿಗೆ ಹೋಗುವುದು. ಒಬ್ಬಳೇ ಹೋದರೆ "ಆಮ್ಯಾಲ ಬಾ" ಎನ್ನುವವರು ಐವರು ಹೋದರೆ ಕುರ್ಚಿ ಕೊಡುತ್ತಾರೆ.

3. ವರ್ಷಕ್ಕೊಮ್ಮೆ ಸಭೆಯಲ್ಲಿ ಪಾಸ್‌ಬುಕ್ಕು ಓದುವುದು. ಓದು ಬಾರದವಳಿಗೆ ಅಂಕಿ ಗುರುತಿಸಲು ಕಲಿಸುವುದು.

4. ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ ಸಂಘದಲ್ಲಿ ಹೇಳುವುದು.

ಗಂಡ ಅಂಗಳದಿಂದ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ವಾಪಸು ಸುರಿದು ಬಾ ಎಂದು ಗಂಡನಿಗೇ ಹೇಳಿದ ಆಯ್ದಕ್ಕಿ ಲಕ್ಕಮ್ಮ ನಮ್ಮ ಈ ಸೀಮೆಯವಳು. ಮನೆಗೆ ಎಷ್ಟು ಬರಬೇಕು, ಎಷ್ಟು ಬರಬಾರದು ಎಂಬ ಲೆಕ್ಕ ಅವಳ ಕೈಯಲ್ಲಿತ್ತು. ಎಂಟುನೂರು ವರ್ಷದ ಮೇಲೆ ಆ ಲೆಕ್ಕ ನಮ್ಮ ಕೈ ತಪ್ಪಿದ್ದು ಹೇಗೆ?

ಮೊನ್ನೆ ಮತ್ತೆ ಆ ಊರಿಗೆ ಹೋಗಿದ್ದೆ. ಬೀಗರು ಹಾಲು ಹಿಂಡುತ್ತಾರೆ ಎಂದಿದ್ದ ಆ ಹಿರಿಯಳು ಸೆರಗಿನ ಗಂಟು ಬಿಚ್ಚಿ ಹೊಸ ಪಾಸ್‌ಬುಕ್ಕು ತೋರಿಸಿದಳು. ಐದುನೂರು ರೂಪಾಯಿ, ಒಂದೇ ಸಾಲು ಬರೆದಿತ್ತು. "ಅರವತ್ತರ ಹತ್ರ ಬಂದೀನಿ ಅಕ್ಕೋರೆ, ಇದು ಬೆಳೆಯೂದರಾಗ ನಾ ಇರ್ತೀನೋ ಇಲ್ಲೋ" ಎಂದಳು. ನಾಮಿನಿ ಯಾರು ಎಂದು ಕೇಳಿದೆ. ಬಾಕಿ ಹುಂಡಾಕ್ಕಾಗಿ ತವರಿಗೆ ಬಂದು ಕೂತಿರುವ ಮಗಳ ಹೆಸರು ಹೇಳಿದಳು. "ಈ ಎಮ್ಮಿ ಹಾಲು ಆಕಿನ ಹಿಂಡ್ಕೋಲಿ."